ಶಾಲೆಗೊಂದು ಅನುದಾನ ಪ್ರಸ್ತಾವನೆ: ಬರೆಯುವ ಮುನ್ನ ಶಿಕ್ಷಕರೂ ಸಿಬ್ಬಂದಿಯೂ ಕಲಿಯಬೇಕಾದದ್ದು

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್‌ಗಳ ಜೊತೆಗೆ ಕನ್ನಡವೂ ಅವುಗಳಲ್ಲೊಂದು. ಇವಲ್ಲದೆ ಕನ್ನಡಿಗರೇ ಕಟ್ಟಿ ಬೆಳೆಸಿದ ಸಂಸ್ಥೆಗಳ ಶಾಲೆಗಳಿವೆ, ಹಗಲಿಡೀ ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿದ ಹುಡುಗರಿಗಾಗಿ ತೆರೆದ ರಾತ್ರಿ ಶಾಲೆಗಳ ದೊಡ್ಡ ಪರಂಪರೆಯಿದೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಯೂರಿದ ಕುಟುಂಬಗಳ ಮಕ್ಕಳು ಬಹುಪಾಲು ಇಂಗ್ಲಿಷ್ ಮಾಧ್ಯಮದ ಕಡೆಗೆ ಹೋಗಿದ್ದಾರೆ. ಇಂದು ಕನ್ನಡ ಮಾಧ್ಯಮದ ತರಗತಿಗಳಲ್ಲಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸ, ಮನೆಗೆಲಸ ಅರಸಿ ಬಂದವರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕಾಣುತ್ತಾರೆ. ಈ ಮಕ್ಕಳಿಗೆ ಬೇಕಾದ ಹೆಚ್ಚಿನ ಪಾಠ, ಓದುವ ಪುಸ್ತಕ, ಆಪ್ತ ಸಲಹೆ, ಪ್ರಯಾಣದ ನೆರವು ಇವೆಲ್ಲ ಸರ್ಕಾರ ಕೊಡುವ ವೇತನಾನುದಾನದಲ್ಲಿ ಬರುವುದಿಲ್ಲ.

ದೇಶದ ಅನೇಕ ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳಿರುವುದೂ, ಹಳೆಯ ದತ್ತಿಗಳು ನೆಲೆ ನಿಂತಿರುವುದೂ ಇದೇ ನಗರದಲ್ಲಿ. ಆ ಹಣಕ್ಕೂ ಈ ಮಕ್ಕಳಿಗೂ ನಡುವೆ ಇರುವುದು ಹತ್ತು ಹನ್ನೆರಡು ಪುಟಗಳ ಒಂದು ಪ್ರಸ್ತಾವನೆ. ಅದನ್ನು ಬರೆಯಬಲ್ಲವರು ಶಾಲೆಯೊಳಗೇ ತಯಾರಾಗಬೇಕೆಂಬ ಅರಿವು ಈಚೆಗೆ ಮೂಡುತ್ತಿರುವುದು ಸಂತೋಷದ ಸಂಗತಿ. ಆದರೆ ತರಬೇತಿಯೆಂದರೆ ಒಳ್ಳೆಯ ಇಂಗ್ಲಿಷ್‌ನಲ್ಲಿ ನಮೂನೆ ತುಂಬುವುದನ್ನು ಒಂದು ದಿನದಲ್ಲಿ ಹೇಳಿಕೊಡುವುದು ಎಂಬ ಭಾವನೆ ಇನ್ನೂ ಬಲವಾಗಿದೆ. ನನ್ನ ದೃಷ್ಟಿಯಲ್ಲಿ ಅದು ಈ ಕಲಿಕೆಯ ಕೊನೆಯ ಭಾಗ. ಶಾಲೆಯು ತನ್ನನ್ನು ತಾನು ಅಳೆದು ನೋಡಿ, ತನ್ನಲ್ಲಿರುವ ತಿಳಿವಳಿಕೆಯನ್ನು ಹೊರಗಿನವರು ಪರಿಶೀಲಿಸಬಹುದಾದ ರೀತಿಯಲ್ಲಿ ಜೋಡಿಸುವುದನ್ನು ಕಲಿಯುವುದೇ ಮುಖ್ಯ ಭಾಗ. ಬರವಣಿಗೆ ಅದರಿಂದ ಹುಟ್ಟಬೇಕು.

ಪರಿಚಿತರ ನೆರವು, ಅಪರಿಚಿತರ ಅನುದಾನ

ಮುಂಬಯಿಯ ಕನ್ನಡ ಸಂಸ್ಥೆಗಳಿಗೆ ಹಣ ಸಂಗ್ರಹ ಹೊಸದಲ್ಲ. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಜಾಹೀರಾತು, ಹೋಟೆಲು ಮಾಲೀಕರ ದೇಣಿಗೆ, ಹಳೆಯ ವಿದ್ಯಾರ್ಥಿಗಳ ಕೊಡುಗೆ, ತಂದೆತಾಯಿಯ ಹೆಸರಿನಲ್ಲಿ ಒಂದು ಕೋಣೆ ಕಟ್ಟಿಸಿಕೊಡುವ ಉದಾರತೆ ಇವುಗಳಿಂದಲೇ ಇಲ್ಲಿನ ಎಷ್ಟೋ ಶಾಲೆಗಳು ನಿಂತಿವೆ. ಆ ನೆರವಿನ ಆಧಾರ ಪರಿಚಯ ಮತ್ತು ವಿಶ್ವಾಸ. ಕೊಡುವವರಿಗೆ ಶಾಲೆ ಗೊತ್ತು, ಅಧ್ಯಕ್ಷರು ಗೊತ್ತು, ಹಣ ಎಲ್ಲಿಗೆ ಹೋಗುತ್ತದೆಂಬ ನಂಬಿಕೆ ಇದೆ. ಆದ್ದರಿಂದ ಒಂದು ಮನವಿ ಪತ್ರ ಸಾಕಾಗುತ್ತದೆ.

ಕಂಪನಿಯ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ವಿಭಾಗದಲ್ಲಿ ಕೂತು ಪ್ರಸ್ತಾವನೆ ಓದುವ ಅಧಿಕಾರಿಗೆ ಈ ಯಾವುದೂ ಗೊತ್ತಿರುವುದಿಲ್ಲ. ಆ ವ್ಯಕ್ತಿ ತನ್ನ ಸಮಿತಿಯ ಮುಂದೆ ಉತ್ತರ ಹೇಳಬೇಕು, ಸಮಿತಿ ನಿರ್ದೇಶಕ ಮಂಡಳಿಗೆ ಉತ್ತರ ಹೇಳಬೇಕು, ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಲೆಕ್ಕ ಒಪ್ಪಿಸಬೇಕು. ಆದಕಾರಣ ಓದುವಾಗ ಆತನ ಮನಸ್ಸಿನಲ್ಲಿರುವ ಪ್ರಶ್ನೆಗಳು ನೇರವಾಗಿವೆ: ಸಮಸ್ಯೆ ಏನು, ಅದು ನಿಜವೆಂದು ಹೇಗೆ ಗೊತ್ತು, ನೀವು ಏನು ಮಾಡುತ್ತೀರಿ, ಅದರಿಂದ ಏನು ಬದಲಾಗುತ್ತದೆ, ಎಷ್ಟು ಖರ್ಚು, ನೀವು ಅದನ್ನು ಮಾಡಬಲ್ಲಿರೆಂದು ಯಾವ ಆಧಾರದ ಮೇಲೆ ನಂಬಬೇಕು. ಮನವಿ ಬರೆದು ಅಭ್ಯಾಸವಾದ ಸಂಸ್ಥೆಗಳು ಮೊದಲ ನಾಲ್ಕು ಪುಟಗಳನ್ನು ಸಂಸ್ಥೆಯ ಸ್ಥಾಪನೆ, ಹಿರಿಯರ ತ್ಯಾಗ, ಕನ್ನಡದ ಉಳಿವಿನ ಕಳಕಳಿ ಇವುಗಳಿಗೆ ಕೊಡುವುದು ಸಾಮಾನ್ಯ. ಆ ಇತಿಹಾಸ ಗೌರವಕ್ಕೆ ಅರ್ಹವಾದದ್ದೇ, ಆದರೆ ಆ ಅಧಿಕಾರಿಯ ಪ್ರಶ್ನೆಗಳಲ್ಲಿ ಒಂದಕ್ಕೂ ಅದು ಉತ್ತರವಲ್ಲ. ಅದನ್ನು ಅರ್ಧ ಪುಟಕ್ಕೆ ಇಳಿಸಿ, ಈ ಕೆಲಸವನ್ನು ನಡೆಸುವ ಶಕ್ತಿ ಸಂಸ್ಥೆಗಿದೆ ಎಂಬುದಕ್ಕೆ ಸಾಕ್ಷ್ಯವಾಗಿ ಬಳಸುವುದನ್ನು ತರಬೇತಿಯಲ್ಲಿ ಮೊದಲೇ ಅಭ್ಯಾಸ ಮಾಡಿಸಬೇಕು.

ಹಣದ ಮೂಲವೂ ಅದರ ನಿಯಮವೂ

ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕು, ಏಕೆಂದರೆ ತಿರಸ್ಕೃತವಾಗುವ ಪ್ರಸ್ತಾವನೆಗಳಲ್ಲಿ ಹಲವನ್ನು ಯಾರೂ ಪೂರ್ತಿ ಓದಿಯೇ ಇರುವುದಿಲ್ಲ. ಅವು ಅರ್ಹತೆಯ ಹಂತದಲ್ಲೇ ಬಿದ್ದುಹೋಗುತ್ತವೆ.

ಸಿಎಸ್‌ಆರ್ ಹಣಕ್ಕೆ ಆಧಾರವಾದ 2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಆರ್ಥಿಕ ವರ್ಷದಲ್ಲಿ 500 ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ಅಥವಾ ಹೆಚ್ಚಿನ ವಹಿವಾಟು, ಇಲ್ಲವೇ 5 ಕೋಟಿ ಅಥವಾ ಹೆಚ್ಚಿನ ನಿವ್ವಳ ಲಾಭ ಇರುವ ಕಂಪನಿಗಳಿಗೆ ಅದು ಅನ್ವಯಿಸುತ್ತದೆ. ಅವು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಏಳನೆಯ ಅನುಸೂಚಿಯಲ್ಲಿ ಹೇಳಿದ ಕೆಲಸಗಳಿಗೆ ಖರ್ಚು ಮಾಡಬೇಕು. ಶಿಕ್ಷಣ ಆ ಅನುಸೂಚಿಯಲ್ಲಿದೆ. ಕಂಪನಿ ಕಾರ್ಯಾಚರಣೆ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ, ಆದ್ದರಿಂದ ಶಾಲೆಯ ಸುತ್ತಮುತ್ತ ಕಚೇರಿ, ಗೋದಾಮು, ಕಾರ್ಖಾನೆ ಇರುವ ಕಂಪನಿಗಳ ಪಟ್ಟಿ ಮಾಡುವುದು ತರಬೇತಿಯ ಒಳ್ಳೆಯ ಮನೆಗೆಲಸ.

ಹಣ ಪಡೆಯುವುದು ಶಾಲೆಯಲ್ಲ, ಶಾಲೆಯನ್ನು ನಡೆಸುವ ಟ್ರಸ್ಟ್ ಅಥವಾ ಸೊಸೈಟಿ. ಅದು 1961ರ ಆದಾಯ ತೆರಿಗೆ ಕಾಯ್ದೆಯ ಕಾಲದಿಂದ ನಾವು 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಎಂದು ಕರೆಯುತ್ತ ಬಂದಿರುವ ನೋಂದಣಿಗಳನ್ನು ಹೊಂದಿರಬೇಕು. ಕಂಪನಿಯೇ ಅಥವಾ ಸರ್ಕಾರವೇ ಸ್ಥಾಪಿಸಿದ ಸಂಸ್ಥೆಯಲ್ಲದಿದ್ದರೆ ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು. 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ಸಲ್ಲಿಸಿ ವಿಶಿಷ್ಟ ಸಂಖ್ಯೆಯನ್ನೂ ಪಡೆದಿರಬೇಕು. ಕಂಪನಿಗಳು ಸ್ವಯಂಸೇವಾ ಸಂಸ್ಥೆಗಳ ನೋಂದಣಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲಿನ ಗುರುತು ಸಂಖ್ಯೆ, ಪ್ಯಾನ್, ಮೂರು ವರ್ಷಗಳ ಆಡಿಟ್ ಆದ ಲೆಕ್ಕಪತ್ರಗಳನ್ನೂ ಸಾಮಾನ್ಯವಾಗಿ ಕೇಳುತ್ತವೆ. ತೆರಿಗೆ ನೋಂದಣಿಗಳಿಗೆ ಈಗ ಅವಧಿಯಿದೆ, ನವೀಕರಣದ ದಿನಾಂಕವನ್ನು ಶಾಲಾ ಕಚೇರಿಯ ಗೋಡೆಯ ಮೇಲೆಯೇ ಬರೆದಿಡುವುದು ಒಳಿತು.

ಮಹಾರಾಷ್ಟ್ರದಲ್ಲಿ ಇನ್ನೊಂದು ತೊಡಕು ಇದೆ. 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಪ್ರಕಾರ ಟ್ರಸ್ಟಿಗಳಲ್ಲಿ ಬದಲಾವಣೆಯಾದರೆ 90 ದಿನಗಳೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಹಳೆಯ ಸಂಸ್ಥೆಗಳಲ್ಲಿ ತೀರಿಕೊಂಡ ಟ್ರಸ್ಟಿಗಳ ಹೆಸರೇ ದಾಖಲೆಯಲ್ಲಿ ಉಳಿದಿರುವುದುಂಟು. ದಾನಿ ಸಂಸ್ಥೆ ಶೆಡ್ಯೂಲ್-1ರ, ಅಂದರೆ ಆ ಕಚೇರಿಯ ಟ್ರಸ್ಟ್ ನೋಂದಣಿ ದಾಖಲೆಯ, ಪ್ರತಿ ಕೇಳಿದಾಗ ಅದರಲ್ಲಿರುವ ಹೆಸರುಗಳಿಗೂ ಪ್ರಸ್ತಾವನೆಗೆ ಸಹಿ ಮಾಡಿದವರ ಹೆಸರುಗಳಿಗೂ ತಾಳೆಯಾಗದಿದ್ದರೆ ಎಷ್ಟು ಸೊಗಸಾಗಿ ಬರೆದರೂ ಕೆಲಸ ನಿಲ್ಲುತ್ತದೆ. ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಬರೆಯಲು ಕುಳಿತುಕೊಳ್ಳುವ ಮುನ್ನವೇ ಇದನ್ನು ನೋಡಿಕೊಳ್ಳಬೇಕು.

ಮಹಾನಗರಪಾಲಿಕೆಯ ಶಾಲೆಗಳ ದಾರಿ ಬೇರೆ. ಅಲ್ಲಿ ಮುಖ್ಯೋಪಾಧ್ಯಾಯರು ತಾವೇ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಶಿಕ್ಷಣ ಇಲಾಖೆಯ ಅನುಮತಿಯೊಂದಿಗೆ, ಸಾಮಾನ್ಯವಾಗಿ ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಕೆಲಸ ನಡೆಯುತ್ತದೆ. ಆದರೂ ಶಾಲೆ ತನ್ನ ಅಗತ್ಯವನ್ನು ಸ್ಪಷ್ಟವಾಗಿ ಬರೆದಿಟ್ಟುಕೊಂಡಿದ್ದರೆ ಹೊರಗಿನ ಸಂಸ್ಥೆ ತನಗೆ ಅನುಕೂಲವಾದ ಕಾರ್ಯಕ್ರಮವನ್ನು ತಂದು ಹೇರುವುದು ತಪ್ಪುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ತಮ್ಮ ಅಗತ್ಯಗಳನ್ನು ದಾಖಲಿಸಲು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ವಿದ್ಯಾಂಜಲಿ ಪೋರ್ಟಲ್ ಕೂಡ ಇದೆ.

ವಿದೇಶಿ ದೇಣಿಗೆಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗಬಹುದು. ಗಲ್ಫ್‌ನಲ್ಲೋ ಅಮೆರಿಕದಲ್ಲೋ ಇರುವ ಹಿತೈಷಿಗಳ ಸಂಘ ನೆರವು ಕೊಡಲು ಮುಂದಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ಬಳಿಕ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಮತ್ತು ಅದನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಕರ್ನಾಟಕದ ಕಡೆ ನೋಡಿದರೆ, ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಲಕ್ಷ್ಯ ಜತ್ತ, ಅಕ್ಕಲಕೋಟೆಯಂಥ ಗಡಿ ತಾಲೂಕುಗಳ ಮೇಲಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊರನಾಡ ಸಂಘಗಳಿಗೆ ನೆರವಾಗುವುದು ಮುಖ್ಯವಾಗಿ ಸಾಂಸ್ಕೃತಿಕ ಕಾರ್ಯಗಳಿಗೆ. ಯಾವ ಹಣ ಯಾವುದಕ್ಕೆ ಎಂಬುದನ್ನು ಬಿಡಿಸಿ ನೋಡದೆ ಒಂದೇ ಅರ್ಜಿಯನ್ನು ಎಲ್ಲ ಕಡೆಗೂ ಕಳುಹಿಸುವುದರಿಂದ ಅಂಚೆಯ ಖರ್ಚಲ್ಲದೆ ಬೇರೇನೂ ಆಗುವುದಿಲ್ಲ.

ಯಾರಿಗೆ ತರಬೇತಿ?

ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಶಿಕ್ಷಕಿಯನ್ನು ಆರಿಸಿ ಕಳುಹಿಸುವುದು ವಾಡಿಕೆ. ಆಕೆ ಮರಳಿ ಬಂದು ಒಬ್ಬಳೇ ಹೊರೆ ಹೊರುತ್ತಾಳೆ. ಶಾಲೆಯ ಬಗೆಗಿನ ತಿಳಿವಳಿಕೆ ಒಬ್ಬರಲ್ಲಿ ಇರುವಂಥದಲ್ಲ. ಯಾವ ಮಗು ಓದಲು ತಡವರಿಸುತ್ತದೆ ಎಂಬುದು ತರಗತಿ ಶಿಕ್ಷಕರಿಗೆ ಗೊತ್ತು. ಯಾರು ವರ್ಷದ ನಡುವೆ ಲೀವಿಂಗ್ ಸರ್ಟಿಫಿಕೇಟ್ ಒಯ್ದರು, ಯಾರು ಒಯ್ಯದೆಯೇ ಊರಿಗೆ ಹೋದರು ಎಂಬುದು ಜನರಲ್ ರಿಜಿಸ್ಟರ್ ಬರೆಯುವ ಗುಮಾಸ್ತರಿಗೆ ಗೊತ್ತು. ಹಿಂದಿನ ಅನುದಾನದ ಲೆಕ್ಕ ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದು ಕೋಶಾಧಿಕಾರಿಗೆ ಗೊತ್ತು. ಮಗು ಏಕೆ ಬರಲಿಲ್ಲ ಎಂದು ಗೇಟಿನ ಬಳಿ ತಾಯಂದಿರು ಹೇಳುವ ಮಾತು ಎಷ್ಟೋ ಸಲ ಸಿಪಾಯಿಗೆ ಮಾತ್ರ ಗೊತ್ತು. ಆದಕಾರಣ ಒಂದು ಶಾಲೆಯಿಂದ ಮುಖ್ಯೋಪಾಧ್ಯಾಯರು, ಒಬ್ಬ ಶಿಕ್ಷಕಿ, ಗುಮಾಸ್ತರು, ಆಡಳಿತ ಮಂಡಳಿಯ ಒಬ್ಬ ಸದಸ್ಯರು ಹೀಗೆ ನಾಲ್ವರು ಒಟ್ಟಿಗೆ ಬರಬೇಕೆಂದು ತರಬೇತಿ ನಡೆಸುವವರು ಪಟ್ಟು ಹಿಡಿಯಬೇಕು. ಗುಮಾಸ್ತರನ್ನು ಬಿಟ್ಟು ನಡೆಸುವ ತರಬೇತಿಯಿಂದ ಬಜೆಟ್ ಇಲ್ಲದ ಪ್ರಸ್ತಾವನೆಗಳು ಹುಟ್ಟುತ್ತವೆ.

ಕಲಿಸುವವರ ವಿಷಯದಲ್ಲಿ ಈ ನಗರದ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೂ ಚಾರ್ಟರ್ಡ್ ಅಕೌಂಟೆಂಟ್‌ಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಸಾಲದ ಅರ್ಜಿಗಳನ್ನು ವರ್ಷಗಟ್ಟಲೆ ಓದಿದ ಕಣ್ಣಿಗೆ ಲೆಕ್ಕದಲ್ಲಿನ ಸಡಿಲು ಎಲ್ಲಿದೆ ಎಂಬುದು ಕೂಡಲೇ ತಿಳಿಯುತ್ತದೆ. ಸಂಘಗಳು ಇಂಥವರನ್ನು ಶಾಲು ಹೊದಿಸಿ ಸನ್ಮಾನಿಸುವುದರ ಜೊತೆಗೆ ಎರಡು ಶನಿವಾರ ಶಾಲೆಯ ಬಜೆಟ್ ನೋಡಿಕೊಡಿ ಎಂದು ಕೇಳಿಕೊಂಡರೆ ಅವರಲ್ಲಿ ಹೆಚ್ಚಿನವರು ಸಂತೋಷದಿಂದ ಬರುತ್ತಾರೆಂದು ನಾನು ನಂಬುತ್ತೇನೆ.

ಅಳತೆಯಿಂದ ಆರಂಭ

ಈಗ ಹೃದಯಭಾಗಕ್ಕೆ ಬರೋಣ. “ನಮ್ಮ ಮಕ್ಕಳು ಬಡವರು, ಅವರಿಗೆ ಡಿಜಿಟಲ್ ತರಗತಿ ಬೇಕು” ಎಂಬ ವಾಕ್ಯದಲ್ಲಿ ಸಮಸ್ಯೆಯೇ ಇಲ್ಲ. ಇರುವುದು ಒಂದು ಸ್ಥಿತಿ ಮತ್ತು ಒಂದು ವಸ್ತು. ಆ ವಸ್ತು ಬಂದರೆ ಆ ಸ್ಥಿತಿಯಲ್ಲಿ ಏನು ಬದಲಾಗುತ್ತದೆಂದು ಹೇಳಲು ನಡುವೆ ಕಲಿಕೆಯ ಒಂದು ಕೊರತೆ ಗುರುತಾಗಬೇಕು, ಅದು ಅಂಕಿಗಳಲ್ಲಿ ಕಾಣಬೇಕು.

ಓದಿನ ವಿಷಯದಲ್ಲಿ ಇದಕ್ಕೆ ಸಿದ್ಧ ಸಾಧನವಿದೆ. 1990ರ ದಶಕದಲ್ಲಿ ಮುಂಬಯಿಯಲ್ಲೇ ಹುಟ್ಟಿದ ಪ್ರಥಮ್ ಸಂಸ್ಥೆಯ ಬಳಗ 2005ರಿಂದ ಮಕ್ಕಳ ಕಲಿಕೆಯ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆ ನಡೆಸುತ್ತ ಬಂದಿದೆ. ಅದರ ಓದಿನ ಪರೀಕ್ಷೆ ಒಂದೊಂದೇ ಮಗುವನ್ನು ಕೂರಿಸಿಕೊಂಡು ಮಾಡುವಂಥದು: ಅಕ್ಷರ, ಪದ, ಒಂದನೆಯ ತರಗತಿ ಮಟ್ಟದ ಚಿಕ್ಕ ಗದ್ಯ, ಎರಡನೆಯ ತರಗತಿ ಮಟ್ಟದ ಕತೆ. ಕನ್ನಡದಲ್ಲಿಯೂ ಇರುವ ಈ ಪರೀಕ್ಷೆಯನ್ನು ಮುಂಬಯಿಯ ಕನ್ನಡ ಶಾಲೆಯ ಯಾವ ಶಿಕ್ಷಕರಾದರೂ ನಡೆಸಬಹುದು.

ಒಂದು ಕಲ್ಪಿತ ಶಾಲೆಯನ್ನು ಇಟ್ಟುಕೊಳ್ಳೋಣ. ಮೂರರಿಂದ ಐದನೆಯ ತರಗತಿಯವರೆಗೆ 64 ಮಕ್ಕಳಿದ್ದಾರೆ. ಒಂದು ವಾರದಲ್ಲಿ ಎಲ್ಲರನ್ನೂ ಪರೀಕ್ಷಿಸಿದಾಗ 23 ಮಕ್ಕಳು ಎರಡನೆಯ ತರಗತಿಯ ಕತೆಯನ್ನು ಸರಾಗವಾಗಿ ಓದಿದರು. ಉಳಿದ 41 ಮಕ್ಕಳಲ್ಲಿ 18 ಮಂದಿ ಚಿಕ್ಕ ಗದ್ಯದವರೆಗೆ, 14 ಮಂದಿ ಪದಗಳವರೆಗೆ ಬಂದು ನಿಂತರು, 9 ಮಂದಿ ಅಕ್ಷರಗಳನ್ನಷ್ಟೇ ಗುರುತಿಸಿದರು. ಶಿಕ್ಷಕರು ಈ 41 ಮಕ್ಕಳ ಹಾಜರಿ ಪುಸ್ತಕ ತೆಗೆದು ನೋಡುತ್ತಾರೆ. ಅವರಲ್ಲಿ ಎಷ್ಟು ಮಂದಿ ದೀಪಾವಳಿ ರಜೆಗೆ ಊರಿಗೆ ಹೋಗಿ ತಿಂಗಳು ತಡವಾಗಿ ಮರಳಿದವರು, ಎಷ್ಟು ಮಂದಿ ಎರಡು ವರ್ಷಗಳಲ್ಲಿ ಎರಡನೆಯ ಶಾಲೆಗೆ ಬಂದವರು ಎಂಬುದು ಹೊರಬೀಳುತ್ತದೆ. ಈಗ ಸಮಸ್ಯೆ ಸ್ಪಷ್ಟವಾಯಿತು, ಅದರ ಕಾರಣದ ಒಂದು ಎಳೆಯೂ ಸಿಕ್ಕಿತು. ಈ ಒಂದು ವಾರದ ಕೆಲಸ ಯಾವ ದಾನಿ ಸಿಗದೆ ಹೋದರೂ ವ್ಯರ್ಥವಲ್ಲ, ಮರುದಿನದ ಪಾಠವೇ ಅದರಿಂದ ಬದಲಾಗಬೇಕು.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ಶಾಲೆಗಳ ರಾಷ್ಟ್ರೀಯ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ ಪ್ರತಿ ಶಾಲೆಗೂ 11 ಅಂಕಿಗಳ ಸಂಖ್ಯೆಯಿದೆ. ಮಕ್ಕಳ ಸಂಖ್ಯೆ, ಶಿಕ್ಷಕರು, ಕೊಠಡಿಗಳು, ಶೌಚಾಲಯ, ಗ್ರಂಥಾಲಯ ಇವುಗಳ ವಿವರವನ್ನು ಆ ಸಂಖ್ಯೆಯ ಮೂಲಕ ಯಾರಾದರೂ ನೋಡಬಹುದು. ಪ್ರಸ್ತಾವನೆಯಲ್ಲಿ ಗ್ರಂಥಾಲಯವಿಲ್ಲ ಎಂದು ಬರೆದು ಯುಡೈಸ್‌ನಲ್ಲಿ ಇದೆ ಎಂದು ತುಂಬಿದ್ದರೆ ದಾನಿಯ ವಿಶ್ವಾಸ ಅಲ್ಲಿಗೇ ಮುರಿಯುತ್ತದೆ.

ಮಕ್ಕಳ ಘನತೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಹರಿದ ಅಂಗಿಯ ಮಗುವಿನ ಚಿತ್ರ, ಹೆಸರು ಸಮೇತ ತಂದೆಯ ಕುಡಿತದ ಕತೆ ಇವು ಪ್ರಸ್ತಾವನೆಗೆ ಬೇಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡುತ್ತದೆ, ಆದರೆ ಕಾಯ್ದೆ ಇಲ್ಲದಿದ್ದರೂ ನಮ್ಮ ಬಳಿ ಓದಲು ಬಂದ ಮಗುವನ್ನು ಕರುಣೆಯ ವಸ್ತುವಾಗಿ ತೋರಿಸುವ ಹಕ್ಕು ಶಾಲೆಗಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 22ನೆಯ ಕಲಮು ಶಾಲಾ ಅಭಿವೃದ್ಧಿ ಯೋಜನೆಯೊಂದನ್ನು ತಯಾರಿಸುವ ಹೊಣೆಯನ್ನು ಶಾಲಾ ವ್ಯವಸ್ಥಾಪನ ಸಮಿತಿಗೆ ಕೊಟ್ಟಿದೆ. 2012ರ ತಿದ್ದುಪಡಿಯಿಂದ ಭಾಷಾ ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೂ ಅನುದಾನಿತ ಶಾಲೆಗಳಿಗೂ ಅದರಿಂದ ವಿನಾಯಿತಿ ಸಿಕ್ಕಿದೆ, ಹಾಗಾಗಿ ಮಹಾರಾಷ್ಟ್ರದ ಖಾಸಗಿ ಕನ್ನಡ ಶಾಲೆಗಳಿಗೆ ಇದು ಕಡ್ಡಾಯವಲ್ಲ. ಕಡ್ಡಾಯವಲ್ಲದಿದ್ದರೂ ಮೂರು ವರ್ಷಗಳ ಇಂಥ ಯೋಜನೆಯನ್ನು ಬರೆದಿಟ್ಟುಕೊಂಡ ಶಾಲೆಗೆ ಪ್ರತಿ ಪ್ರಸ್ತಾವನೆಯನ್ನೂ ಶೂನ್ಯದಿಂದ ಆರಂಭಿಸುವ ಪಾಡು ಇರುವುದಿಲ್ಲ.

ಗುರಿ, ಕೆಲಸ, ಫಲ

ಪ್ರಸ್ತಾವನೆಗಳ ತರ್ಕವನ್ನು ಒಂದು ಕೋಷ್ಟಕದಲ್ಲಿ ತೋರಿಸುವ ಕ್ರಮ 1969ರ ಸುಮಾರಿಗೆ ಅಮೆರಿಕದ ಅಂತಾರಾಷ್ಟ್ರೀಯ ನೆರವು ಸಂಸ್ಥೆಗಾಗಿ ರೂಪುಗೊಂಡಿತು. ಲಾಗ್‌ಫ್ರೇಮ್ ಎಂಬ ಹೆಸರಿನಲ್ಲಿ ಅದು ಈಗಲೂ ಬಳಕೆಯಲ್ಲಿದೆ. ಅದರ ಖಾನೆಗಳನ್ನು ತುಂಬುವುದಕ್ಕಿಂತ ಅದರ ಹಿಂದಿನ ವಿಚಾರ ಮುಖ್ಯ. ನಾವು ಹಾಕುವ ಹಣ ಮತ್ತು ಸಮಯ ಒಂದು ಹಂತ. ಅದರಿಂದ ನಡೆಯುವ ಕೆಲಸ ಎರಡನೆಯದು. ಕೆಲಸದಿಂದ ನೇರವಾಗಿ ಹೊರಬರುವುದು, ಅಂದರೆ ನಡೆದ ತರಗತಿಗಳು, ಹಂಚಿದ ಪುಸ್ತಕಗಳು, ಮೂರನೆಯದು. ಮಕ್ಕಳಲ್ಲಿ ಆಗುವ ಬದಲಾವಣೆ ನಾಲ್ಕನೆಯದು. ಶಾಲೆಗಳ ಪ್ರಸ್ತಾವನೆಗಳು ಬಹುತೇಕ ಮೂರನೆಯ ಹಂತದಲ್ಲೇ ನಿಂತುಬಿಡುತ್ತವೆ. “200 ಪುಸ್ತಕ ಕೊಡಲಾಗುವುದು” ಎಂಬುದು ಗುರಿಯಲ್ಲ. ನಮ್ಮ ಕಲ್ಪಿತ ಶಾಲೆಯ ಗುರಿ ಹೀಗಿರಬಹುದು: ಯೋಜನೆಯ ವರ್ಷದ ಮಾರ್ಚ್ ಅಂತ್ಯದೊಳಗೆ, ಚಿಕ್ಕ ಗದ್ಯ ಓದುತ್ತಿದ್ದ 18 ಮಕ್ಕಳೂ, ಪದಗಳ ಮಟ್ಟದಲ್ಲಿದ್ದ 14 ಮಂದಿಯಲ್ಲಿ ಕನಿಷ್ಠ 9 ಮಂದಿಯೂ ಎರಡನೆಯ ತರಗತಿಯ ಕತೆಯನ್ನು ಓದಬೇಕು; ಉಳಿದವರೆಲ್ಲರೂ ಕನಿಷ್ಠ ಒಂದು ಹಂತ ಮೇಲೇರಬೇಕು. ಇದರಲ್ಲಿ ಎಲ್ಲರೂ ಎಲ್ಲವನ್ನೂ ಕಲಿಯುತ್ತಾರೆಂಬ ಭರವಸೆ ಇಲ್ಲ, ಆದ್ದರಿಂದಲೇ ಇದು ನಂಬಿಕೆಗೆ ಅರ್ಹ. ಶೇ. 100ರಷ್ಟು ಫಲಿತಾಂಶವೆಂದು ಬರೆದುಕೊಡುವ ಶಾಲೆ ವರ್ಷದ ಕೊನೆಗೆ ಸುಳ್ಳು ವರದಿ ಬರೆಯುವ ಒತ್ತಡಕ್ಕೆ ತಾನಾಗಿಯೇ ಸಿಲುಕುತ್ತದೆ.

ಅಡ್ಡಿಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಯೋಜನೆಯ ನಡುವೆ ಕೆಲವು ಕುಟುಂಬಗಳು ಬೇರೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ, ಹೊಸ ಮಕ್ಕಳು ಬರುತ್ತಾರೆ. ಹೋದವರನ್ನು ಹೇಗೆ ಲೆಕ್ಕ ಹಾಕುತ್ತೀರಿ, ಬಂದವರನ್ನು ಹೇಗೆ ಸೇರಿಸಿಕೊಳ್ಳುತ್ತೀರಿ ಎಂಬುದನ್ನು ಮೊದಲೇ ನಾಲ್ಕು ಸಾಲುಗಳಲ್ಲಿ ಬರೆದರೆ, ಈ ಶಾಲೆಗೆ ತನ್ನ ಮಕ್ಕಳ ಬದುಕು ಗೊತ್ತಿದೆ ಎಂದು ಓದುವವರಿಗೆ ಮನವರಿಕೆಯಾಗುತ್ತದೆ.

ಬಜೆಟ್

ಅನುಭವಿ ಓದುಗರು ಹಲವರು ಪ್ರಸ್ತಾವನೆಯಲ್ಲಿ ಮೊದಲು ಬಜೆಟ್ ಪುಟವನ್ನೇ ತೆರೆಯುತ್ತಾರೆ, ಅದರಿಂದಲೇ ಯೋಜನೆ ಅರ್ಥವಾಗುತ್ತದೆ. ಮೇಲಿನ ಶಾಲೆಯ ಲೆಕ್ಕ ಮಾಡೋಣ. ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಪಾಠ ಮಾಡುವ ಇಬ್ಬರು ಸಹಾಯಕಿಯರಿಗೆ ತಲಾ 7,000 ರೂಪಾಯಿಯಂತೆ 10 ತಿಂಗಳಿಗೆ 1,40,000, 64 ಮಕ್ಕಳಿಗೂ ತಲಾ 300 ರೂಪಾಯಿಯ ಕತೆ ಪುಸ್ತಕಗಳಿಗೆ 19,200, ಸಹಾಯಕಿಯರ ತರಬೇತಿಗೆ 8,000, ವರ್ಷದಲ್ಲಿ ಮೂರು ಸಲ ನಡೆಸುವ ಪರೀಕ್ಷೆಯ ಹಾಳೆಗಳಿಗೆ 3,000, ಆಡಿಟ್‌ಗೆ 6,000. ಒಟ್ಟು 1,76,200 ರೂಪಾಯಿ. ಹಿಂದುಳಿದ 41 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 4,300. ಕೊಠಡಿ, ವಿದ್ಯುತ್, ಮುಖ್ಯೋಪಾಧ್ಯಾಯರ ಮೇಲ್ವಿಚಾರಣೆ ಇವು ಶಾಲೆಯ ಪಾಲು. ಅವುಗಳ ಬೆಲೆಯನ್ನೂ ಬರೆದು ತೋರಿಸಬೇಕು, ಏಕೆಂದರೆ ದಾನಿಯ ಹಣದ ಪಕ್ಕದಲ್ಲಿ ಶಾಲೆಯ ಶ್ರಮವೂ ಕಾಣಬೇಕು. ಯೋಜನೆಯ ವಿವರಣೆಯಲ್ಲಿ ಹೇಳಿದ ಪ್ರತಿಯೊಂದು ಕೆಲಸಕ್ಕೂ ಬಜೆಟ್‌ನಲ್ಲಿ ಒಂದು ಸಾಲು, ಬಜೆಟ್‌ನ ಪ್ರತಿ ಸಾಲಿಗೂ ವಿವರಣೆಯಲ್ಲಿ ಒಂದು ಕೆಲಸ ಇರಬೇಕು. ಈ ತಾಳೆ ನೋಡುವ ಅಭ್ಯಾಸವನ್ನು ಶಿಕ್ಷಕಿ ಮತ್ತು ಗುಮಾಸ್ತರು ಪಕ್ಕಪಕ್ಕದಲ್ಲಿ ಕುಳಿತು ಮಾಡಬೇಕು.

“ಏನಾದರೂ ಇರಲಿ” ಎಂದು ಒಟ್ಟು ಮೊತ್ತ ಬರೆಯುವ ರೂಢಿ ಬಿಡಬೇಕು. ಪುಸ್ತಕಕ್ಕಾಗಲಿ ಕಪಾಟಿಗಾಗಲಿ ಮೂರು ಅಂಗಡಿಗಳ ಕೊಟೇಶನ್ ತರುವುದು ಸಣ್ಣ ಶ್ರಮ, ದೊಡ್ಡ ಪ್ರಯೋಜನ. ಆಡಳಿತ ವೆಚ್ಚದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸಿಎಸ್‌ಆರ್ ನಿಯಮದಲ್ಲಿರುವ ಶೇ. 5ರ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಸಂಬಂಧಿಸಿದ್ದು, ಕಂಪನಿಯ ಒಟ್ಟು ಸಿಎಸ್‌ಆರ್ ಖರ್ಚಿನ ಮೇಲೆ ಹಾಕಿದ್ದು. ಯೋಜನೆಯೊಂದರ ರೂಪಣೆ, ಜಾರಿ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಮಾಡುವ ಖರ್ಚು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದ ಪಾಠ ಮಾಡುವವರ ಗೌರವಧನವನ್ನೂ ಪರೀಕ್ಷೆಯ ವೆಚ್ಚವನ್ನೂ ಬಚ್ಚಿಡುವ ಕಾರಣವಿಲ್ಲ. ಒಂದೊಂದು ದಾನಿಗೆ ತನ್ನದೇ ಮಿತಿಗಳಿರಬಹುದು, ಅವನ್ನು ಕೇಳಿ ತಿಳಿಯಬೇಕು.

ವಸ್ತುಗಳನ್ನು ಕೊಳ್ಳುವ ಪ್ರಸ್ತಾವನೆಯಾದರೆ ಇನ್ನೊಂದು ಪ್ರಶ್ನೆ: ಕೊಂಡ ಮೇಲೆ ಅದನ್ನು ನಡೆಸುವವರು ಯಾರು? ಮಕ್ಕಳು ಉಪಕರಣಗಳೊಂದಿಗೆ ಪ್ರಯೋಗ ಮಾಡಿ ಕಲಿಯುವ ಕೋಣೆಗಳಿಗಾಗಿ ಇರುವ, ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ 20 ಲಕ್ಷದ ಅನುದಾನದಲ್ಲಿ 10 ಲಕ್ಷ ಉಪಕರಣಗಳಿಗೆ, 10 ಲಕ್ಷ ಗರಿಷ್ಠ ಐದು ವರ್ಷಗಳ ನಿರ್ವಹಣೆಗೆ ಎಂದು ವಿಂಗಡಿಸಿದ್ದು ಇದೇ ಕಾರಣಕ್ಕೆ ಕಲಿಯತಕ್ಕ ಮಾದರಿ. ದುರಸ್ತಿ, ವಿದ್ಯುತ್, ಕಲಿಸುವವರ ಸಮಯ ಇವುಗಳ ಲೆಕ್ಕವಿಲ್ಲದೆ ಬಂದ ಕಂಪ್ಯೂಟರುಗಳು ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿಯುತ್ತವೆ.

ಭಾಷೆ ಮತ್ತು ವೇಳೆ

ಕರಡನ್ನು ಕನ್ನಡದಲ್ಲೇ ಬರೆಯಬೇಕೆಂಬುದು ನನ್ನ ದೃಢವಾದ ಸಲಹೆ. ಕನ್ನಡ ಶಾಲೆಯ ಶಿಕ್ಷಕರು ಮಗುವಿನ ಕಲಿಕೆಯ ಬಗ್ಗೆ ಯೋಚಿಸುವುದು ಕನ್ನಡದಲ್ಲಿ. ನೇರವಾಗಿ ಇಂಗ್ಲಿಷ್‌ನಲ್ಲಿ ಬರೆಯಲು ಕುಳಿತರೆ ತಮಗೆ ಗೊತ್ತಿರುವುದನ್ನು ಬಿಟ್ಟು, ಎಲ್ಲೋ ಓದಿದ ದೊಡ್ಡ ಮಾತುಗಳನ್ನು ಜೋಡಿಸತೊಡಗುತ್ತಾರೆ. ಸಬಲೀಕರಣ, ಸಮಗ್ರ ಅಭಿವೃದ್ಧಿ ಎಂಬಂಥ ಮಾತುಗಳ ಕೆಳಗೆ ಆ 41 ಮಕ್ಕಳು ಮರೆಯಾಗುತ್ತಾರೆ. ನಾಲ್ವರೂ ಕೂಡಿ ಕನ್ನಡದಲ್ಲಿ ವಾದಿಸಿ, ತಿದ್ದಿ, ಒಪ್ಪಿದ ಕರಡು ಇದ್ದರೆ ಅದನ್ನು ಇಂಗ್ಲಿಷ್‌ಗೆ ಅಥವಾ ಮಹಾನಗರಪಾಲಿಕೆಗಾಗಿ ಮರಾಠಿಗೆ ತರುವುದು ಹಳೆಯ ವಿದ್ಯಾರ್ಥಿಯೊಬ್ಬರು ಎರಡು ಸಂಜೆಗಳಲ್ಲಿ ಮಾಡಿಕೊಡಬಹುದಾದ ಕೆಲಸ. ಯಂತ್ರಾನುವಾದದ ಸಹಾಯ ಪಡೆದರೂ ಅಂಕಿಗಳನ್ನೂ ಹೆಸರುಗಳನ್ನೂ ಮನುಷ್ಯರು ಮತ್ತೊಮ್ಮೆ ನೋಡಲೇಬೇಕು.

ವೇಳೆಯ ವಿಷಯ ಸುಲಭ, ಆದರೂ ತಪ್ಪುವುದು ಇಲ್ಲೇ. ಕಂಪನಿಗಳ ಸಿಎಸ್‌ಆರ್ ಸಮಿತಿ ಪ್ರತಿ ವರ್ಷ ಒಂದು ಕಾರ್ಯಯೋಜನೆ ಸಿದ್ಧಪಡಿಸಬೇಕು, ಮತ್ತು ಅವುಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಅರ್ಜಿ ಹಾಕಿದರೆ ಬಹುಪಾಲು ಹಣ ಆಗಲೇ ನಿಗದಿಯಾಗಿರುತ್ತದೆ. ಡಿಸೆಂಬರ್‌ನೊಳಗೆ ಮಕ್ಕಳ ಅಳತೆ ಮುಗಿದು, ಜನವರಿ–ಫೆಬ್ರವರಿಯಲ್ಲಿ ಪ್ರಸ್ತಾವನೆ ಕಂಪನಿಯ ಕೈ ಸೇರುವಂತೆ ನೋಡಿಕೊಳ್ಳಬೇಕು. ಒಂದು ವರ್ಷಕ್ಕಿಂತ ದೀರ್ಘವಾದ ಕೆಲಸವಾದರೆ ಅದನ್ನು ಮುಂದುವರಿಯುವ ಯೋಜನೆಯೆಂದು ಆರಂಭದಲ್ಲೇ ಹೇಳಬಹುದು. ಅಂಥದಕ್ಕೆ, ಆರಂಭವಾದ ಆರ್ಥಿಕ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ನಿಯಮದಲ್ಲಿ ಅವಕಾಶವಿದೆ.

ತರಬೇತಿಯನ್ನೂ ಈ ಕ್ಯಾಲೆಂಡರಿಗೆ ಹೊಂದಿಸಬೇಕು. ಒಂದೇ ದಿನದ ಕಾರ್ಯಾಗಾರದ ಬದಲು ಆಗಸ್ಟ್‌ನಿಂದ ಜನವರಿಯವರೆಗೆ ತಿಂಗಳಿಗೊಂದು ಶನಿವಾರ ಸೇರುವುದು ಉತ್ತಮ: ಮೊದಲ ಸಲ ದಾಖಲೆಗಳ ತಪಾಸಣೆ, ಮುಂದೆ ಮಕ್ಕಳ ಅಳತೆ, ಬಳಿಕ ಗುರಿ ಮತ್ತು ಬಜೆಟ್, ಕೊನೆಗೆ ಕರಡಿನ ಓದು. ನಡುವಿನ ವಾರಗಳಲ್ಲಿ ಶಾಲೆಯೊಳಗಿನ ನಿಜವಾದ ಕೆಲಸ ನಡೆಯುತ್ತದೆ. ಕರಡು ಓದುವ ದಿನ ಒಂದು ಶಾಲೆಯವರು ಇನ್ನೊಂದು ಶಾಲೆಯ ಪ್ರಸ್ತಾವನೆಯನ್ನು ದಾನಿಯ ಸ್ಥಾನದಲ್ಲಿ ಕುಳಿತು ಓದಿ, ಹಣ ಕೊಡುತ್ತೀರೋ ಇಲ್ಲವೋ ಎಂಬುದನ್ನು ಕಾರಣ ಸಹಿತ ಹೇಳಬೇಕು. ವಡಾಲದ ಶಾಲೆಯವರೂ ಡೊಂಬಿವಿಲಿಯ ಶಾಲೆಯವರೂ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುವಂತಾದರೆ, ಒಂದೇ ದಾನಿಗಾಗಿ ಪೈಪೋಟಿ ನಡೆಸುವುದರ ಬದಲು ಎರಡು ಶಾಲೆಗಳು ಕೂಡಿ ಒಂದು ಪ್ರಸ್ತಾವನೆ ಕೊಡುವ ಯೋಚನೆಯೂ ಅಲ್ಲಿಯೇ ಹುಟ್ಟಬಹುದು; ಸಣ್ಣ ಶಾಲೆಗಳಿಗೆ ಅದು ಒಳ್ಳೆಯ ದಾರಿ.

ತರಬೇತಿಯ ಕೊನೆಯ ಅಧ್ಯಾಯ ಹಣ ಬಂದ ನಂತರದ್ದು. ಪ್ರತ್ಯೇಕ ಲೆಡ್ಜರ್, ಯೋಜನೆಯ ಹೆಸರು ಬರೆದ ಬಿಲ್ಲುಗಳು, ಮೂರು ತಿಂಗಳಿಗೊಂದು ವರದಿ, ವರ್ಷಾಂತ್ಯದ ಬಳಕೆ ಪ್ರಮಾಣಪತ್ರ ಇವನ್ನು ಮೊದಲ ದಿನದಿಂದಲೇ ಇಡಬೇಕು. ಗುರಿ ಮುಟ್ಟದಿದ್ದರೆ ಹಾಗೆಂದೇ ಬರೆದು ಕಾರಣ ಹೇಳುವ ವರದಿಯನ್ನು ಒಳ್ಳೆಯ ದಾನಿಗಳು ಗೌರವಿಸುತ್ತಾರೆ. ಪ್ರಸ್ತಾವನೆ ತಿರಸ್ಕೃತವಾದರೆ ಕಾರಣ ಕೇಳಿ ಒಂದು ವಿನಯದ ಪತ್ರ ಬರೆಯಬೇಕು, ಬಂದ ಉತ್ತರವನ್ನು ಕರಡಿನ ಜೊತೆಗೇ ಕಡತದಲ್ಲಿಡಬೇಕು. ಆ ಕಡತ ಶಾಲೆಯ ಕಪಾಟಿನಲ್ಲಿರಬೇಕು, ಬರೆದವರ ಮನೆಯ ಕಂಪ್ಯೂಟರಿನಲ್ಲಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಮುಖ್ಯೋಪಾಧ್ಯಾಯರ ಜೊತೆ ಇಪ್ಪತ್ತು ವರ್ಷ ಸೇವೆ ಉಳಿದಿರುವ ಶಿಕ್ಷಕಿಯೂ ಅದರ ಪ್ರತಿಯೊಂದು ಪುಟವನ್ನು ಬಲ್ಲವಳಾಗಿರಬೇಕು.